2010ರ ಅವೆನ್ಸಿಸ್ ಟೂರರ್: ಇಷ್ಟು ಹಳೆಯ ಎಸ್ಟೇಟ್ ಕಾರು ಕೊಳ್ಳಬಹುದೇ?

ಹ್ಯಾರೋವಾಸಿ:
ನಮಗೊಂದು ಹಳೆಯ ಎಸ್ಟೇಟ್ ಕಾರು ಬೇಕಾಗಿದೆ. (ಫೋನಿನಲ್ಲಿ ಹೀಗೆಂದಾಗ ಮೂಡಿಗೆರೆಯ ಮಾವನವರು ಎಷ್ಟು ಎಕರೆ ಎಂದು ಕೇಳಿದರು. ಡಿಕ್ಕಿ ಉದ್ದವಿರುವ ಕಾರಿಗೆ ಇಲ್ಲಿ ಹಾಗೆನ್ನುತ್ತಾರೆಂದು ಬಿಡಿಸಿ ಹೇಳುವಷ್ಟರಲ್ಲಿ ಸಾಕಾಯಿತು.) ನೋಡಿಟ್ಟಿರುವುದು 2010ರ ಟೊಯೋಟಾ ಅವೆನ್ಸಿಸ್ ಟೂರರ್, 1.8 ಪೆಟ್ರೋಲ್, 1,12,000 ಮೈಲಿ ಓಡಿದೆ, 2,600 ಪೌಂಡ್ ಕೇಳುತ್ತಿದ್ದಾರೆ. ಅದೇ ಬೆಲೆಗೆ, ಅದೇ ವರ್ಷದ, ಕಡಿಮೆ ಓಡಿದ ಡೀಸೆಲ್ ಕಾರೂ ಒಂದಿದೆ. ಮಗಳ ವೀಣೆ, ವಾರದ ದಿನಸಿ, ಬೇಸಿಗೆಯಲ್ಲಿ ಊರಿನಿಂದ ಬರುವವರ ಸೂಟ್‌ಕೇಸುಗಳು, ಇಷ್ಟೇ ನಮ್ಮ ಹೊರೆ. ಯಾವುದು ವಾಸಿ?

ಹಳೇ ಸ್ಪ್ಯಾನರ್:
ಡೀಸೆಲ್ ಬೇಡ. 2023ರ ಆಗಸ್ಟ್‌ನಿಂದ ಹ್ಯಾರೋ ಕೂಡ ಲಂಡನ್ನಿನ ಯೂಲೆಜ್ ವಲಯಕ್ಕೆ, ಅಂದರೆ ಹೆಚ್ಚು ಹೊಗೆಯುಗುಳುವ ಗಾಡಿಗಳಿಗೆ ದಿನದ ಶುಲ್ಕ ಹಾಕುವ ಪ್ರದೇಶಕ್ಕೆ, ಸೇರಿದೆ. ಆ ಕಾಲದ ಡೀಸೆಲ್ ಅಲ್ಲಿ ಬೇಕಾದ ಯೂರೋ 6 ಎಂಬ ಹೊಗೆಯ ಮಾನದಂಡದ್ದಲ್ಲ, ಗಾಡಿ ರಸ್ತೆಗಿಳಿಸಿದ ದಿನವೆಲ್ಲ 12.50 ಪೌಂಡ್ ತೆರಬೇಕು. ನನ್ನ ಬಳಿಯೂ ಒಂದಿತ್ತು. ಶಾಲೆ, ಅಂಗಡಿ, ದೇವಸ್ಥಾನವೆಂದು ಮೂರು ಮೈಲಿ ಓಡಿಸಿ ಓಡಿಸಿಯೇ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಕಟ್ಟಿಕೊಂಡಿತು. ಆ ಮಸಿ ಸುಡಲೆಂದೇ ಭಾನುವಾರಗಳಲ್ಲಿ ಎಂ40 ಹೆದ್ದಾರಿ ಹಿಡಿದು ಆಕ್ಸ್‌ಫರ್ಡಿಗೆ ಹೋಗಿ ಕಾಫಿ ಕುಡಿದು ಬರುತ್ತಿದ್ದೆ!

ಅವೆನ್ಸಿಸ್ ತಯಾರಿಕೆ 2018ರಲ್ಲೇ ನಿಂತರೂ ಅದು ಇಂಗ್ಲೆಂಡಿನ ಡರ್ಬಿಶೈರ್‌ನಲ್ಲೇ ತಯಾರಾಗುತ್ತಿದ್ದ ಗಾಡಿ, ಬಿಡಿಭಾಗಗಳ ಚಿಂತೆಯಿಲ್ಲ. ಈ 1.8 ಎಂಜಿನ್ನಿಗೆ, ಆಗಾಗ ಹೊಸದು ಹಾಕಿಸಬೇಕಾದ ಟೈಮಿಂಗ್ ಬೆಲ್ಟಿನ ಜಾಗದಲ್ಲಿ ಚೈನ್ ಇದೆ. ಕೈಬ್ರೇಕ್ ಮಾತ್ರ ಗುಂಡಿಯಿಂದ ನಡೆಯುವ ಎಲೆಕ್ಟ್ರಿಕ್ ಬಗೆಯದು. ಏರಿನಲ್ಲಿ ನಾಲ್ಕಾರು ಸಲ ಹಾಕಿ ತೆಗೆದು ನೋಡಿ, ಕೆಟ್ಟರೆ ರಿಪೇರಿ ದುಬಾರಿ. ಸರ್ಕಾರದ ತಾಣದಲ್ಲಿ ಗಾಡಿಯ ನಂಬರು ಕೊಟ್ಟರೆ ಹಿಂದಿನ ಎಂಒಟಿ (ಗಾಡಿ ರಸ್ತೆಗೆ ಯೋಗ್ಯವೇ ಎಂದು ವರ್ಷಕ್ಕೊಮ್ಮೆ ನೋಡುವ) ಪರೀಕ್ಷೆಗಳ ವಿವರ ಪುಕ್ಕಟೆ ಸಿಗುತ್ತದೆ. ಮೈಲಿ ಲೆಕ್ಕ ಎಲ್ಲಾದರೂ ಹಿಂದಕ್ಕೆ ಸರಿದಿದೆಯೇ, ತುಕ್ಕಿನ ಎಚ್ಚರಿಕೆ ವರ್ಷವೂ ಮರುಕಳಿಸಿದೆಯೇ ನೋಡಿ. ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಕಾರಿನ ಹೊಟ್ಟೆಯನ್ನೇ ತಿನ್ನುತ್ತದೆ. ಮತ್ತೆ, ನೀವು ಹೋಗುವವರೆಗೆ ಸ್ಟಾರ್ಟ್ ಮಾಡಬಾರದೆಂದು ಹೇಳಿಡಿ. ಎಂಜಿನ್ನಿನ ನಿಜವಾದ ದನಿ ಕೇಳುವುದು ತಣ್ಣಗಿರುವಾಗ.

ಲೀಡ್ಸ್ ಕನ್ನಡತಿ:
ಹಿಂದಿನ ಮಾಲೀಕರು ಕಟ್ಟಿದ ರಸ್ತೆ ತೆರಿಗೆ ನಿಮಗೆ ಬರುವುದಿಲ್ಲ, ಮನೆಗೆ ಓಡಿಸಿಕೊಂಡು ಬರುವ ಮೊದಲೇ ಕಟ್ಟಿ. ವೀಣೆಯನ್ನು ಜೊತೆಗೇ ಒಯ್ದು ಇಟ್ಟು ನೋಡಿ. ನಾವು ಅಳತೆಯ ಪಟ್ಟಿ ನಂಬಿದ್ದಕ್ಕೆ ತಂಬೂರಿ ಇಂದಿಗೂ ನನ್ನ ತೊಡೆಯ ಮೇಲೆ ಪ್ರಯಾಣ ಮಾಡುತ್ತಿದೆ.

ಹ್ಯಾರೋವಾಸಿ:
ಹೋಗಿ ಬಂದೆ. ಎಂಒಟಿ ದಾಖಲೆ ಚೊಕ್ಕವಾಗಿತ್ತು. ಆದರೆ ಎರಡು ಸಲ ಹೇಳಿದ್ದರೂ ಬಾನೆಟ್ ಕಾದ ಹೆಂಚಿನಂತಿತ್ತು. ಈಗಷ್ಟೇ ತೊಳೆಸಿಕೊಂಡು ಬಂದೆ ಎಂದರು. ಚಕ್ರಗಳ ಮೇಲೆ ಮಣ್ಣು ಹಾಗೆಯೇ ಇತ್ತು. ಶನಿವಾರ ವಾಟ್‌ಫರ್ಡ್‌ನಲ್ಲಿ 2012ರ ಇನ್ನೊಂದನ್ನು ನೋಡುವುದಿದೆ, ವೀಣೆಯೂ ಬರುತ್ತದೆ.