ಲೆ ಮಾನ್ 24 ಗಂಟೆ ರೇಸ್: ಜನರಲ್ ಟಿಕೆಟ್‌ನಲ್ಲಿ ಎಲ್ಲಿ ನಿಲ್ಲೋದು?

ಪ್ರಶ್ನೆ
ಫ್ರಾನ್ಸ್‌ನ ಲೆ ಮಾನ್ ಊರಲ್ಲಿ ಜೂನ್‌ಗೆ ನಡೆಯೋ ಕಾರ್ ರೇಸ್‌ಗೆ ಜನರಲ್ ಟಿಕೆಟ್ ಮಾತ್ರ ಇದೆ, ಗ್ಯಾಲರಿ ಸೀಟಿಲ್ಲ, ಕಾರೂ ಇಲ್ಲ. ಶನಿವಾರ ಪ್ಯಾರಿಸ್‌ನಿಂದ ಹೊರಟು ಭಾನುವಾರ ವಾಪಸ್. ಉನೋಡಿಯೇರ್‌ನ ಆ ಉದ್ದನೆಯ ನೇರ ರಸ್ತೆ ಪಕ್ಕದಲ್ಲಿ ನಿಂತು ನೋಡಬಹುದಾ?

ಉತ್ತರ 1
ಮೊದಲು ಪ್ರಯಾಣ. ಪ್ಯಾರಿಸ್‌ನ ಮೊಂಪಾರ್ನಾಸ್ ಸ್ಟೇಷನ್ನಿಂದ ಟಿಜಿವಿ (ಅತಿವೇಗದ ರೈಲು) ಹತ್ತಿದರೆ ಲೆ ಮಾನ್‌ಗೆ ಸುಮಾರು ಒಂದು ಗಂಟೆ. ಸ್ಟೇಷನ್ ಎದುರೇ ಟಿ1 ಟ್ರಾಮ್ ಸಿಗುತ್ತೆ, ಕೊನೇ ಸ್ಟಾಪ್ ಅಂತಾರೆಸ್‌ನಲ್ಲಿ ಇಳಿದು ನಡೆಯಿರಿ. ರೇಸ್ ಶನಿವಾರ ಸಂಜೆ 4ಕ್ಕೆ ಶುರು, ಭಾನುವಾರ 4ಕ್ಕೆ ಮುಕ್ತಾಯ. ವಾಪಸ್ ರೈಲು ರಾತ್ರಿ 8ರ ಮೇಲಿನದನ್ನೇ ಬುಕ್ ಮಾಡಿ. 6 ಗಂಟೆ ರೈಲು ನಂಬಿಕೊಂಡವರು ಟ್ರಾಮ್ ಕ್ಯೂನಲ್ಲೇ ಸಿಕ್ಕಿಬೀಳ್ತಾರೆ.

ಉತ್ತರ 2
ಉನೋಡಿಯೇರ್ ಪಕ್ಕ ನಿಲ್ಲೋಕೆ ಬಿಡಲ್ಲ. ಅದು ರೇಸ್ ಹೊತ್ತು ಬಿಟ್ಟರೆ ವರ್ಷವಿಡೀ ಲಾರಿ, ಕಾರು ಓಡಾಡೋ ಡಿ338 ಹೆದ್ದಾರಿ. ಎರಡೂ ಬದಿ ತಡೆಗೋಡೆ, ಅದರ ಹಿಂದೆಯೇ ಮರಗಳು. ಕಾರು ಹಾರಿ ಬಂದರೆ ತಪ್ಪಿಸಿಕೊಳ್ಳೋಕೆ ಜಾಗವೇ ಇಲ್ಲ. 1990ರಲ್ಲಿ ಎರಡು ಶಿಕೇನ್ (ಕಾರು ನಿಧಾನ ಮಾಡಲೇಬೇಕಾದ ಅಂಕುಡೊಂಕು ತಿರುವು) ಹಾಕಿ ವೇಗ ತಗ್ಗಿಸಿದ್ದೂ ಸುರಕ್ಷತೆಗೇ.

ಹಗಲಲ್ಲಿ ಟ್ರ್ಯಾಕ್ ಮೇಲಿನ ಡನ್‌ಲಪ್ ಸೇತುವೆಯಿಂದ ಟೆರ್ಟ್ರ್ ರೂಜ್ ತಿರುವಿನ ತನಕ ಇಳಿಜಾರಿನಲ್ಲಿ ನಡೆಯುತ್ತಾ ನೋಡಿ. ಕತ್ತಲಾದ ಮೇಲೆ ಮಾತ್ರ ತಪ್ಪದೇ ಆರ್ನಾಜ್‌ಗೆ ಹೋಗಿ. 13.626 ಕಿ.ಮೀ. ಸುತ್ತಿನಲ್ಲಿ ಅತಿ ನಿಧಾನದ ತಿರುವು ಅದು. ಭಾರೀ ವೇಗದಲ್ಲಿ ಬಂದ ಕಾರು ಮೊದಲು ಅದಕ್ಕೂ ಮುಂಚಿನ ಇಂಡಿಯಾನಾಪೊಲಿಸ್ ಅನ್ನೋ ತಿರುವಿನಲ್ಲಿ ಬ್ರೇಕ್ ಹಾಕುತ್ತೆ, ಆಗ ಚಕ್ರದೊಳಗಿನ ಡಿಸ್ಕ್ ಕೆಂಡದ ಹಾಗೆ ಕೆಂಪಗಾಗಿ, ಬ್ರೇಕ್ ಬಿಟ್ಟ ಕೂಡಲೇ ಮಂಕಾಗುತ್ತೆ. ಇದನ್ನು ಯಾವ ಗ್ಯಾಲರಿ ಸೀಟೂ ತೋರಿಸಲ್ಲ. ಸೂರ್ಯ ಮುಳುಗೋದೇ 10ರ ಹತ್ತಿರ, ಹಾಗಾಗಿ 11ರ ನಂತರ ತಲುಪಿದರೆ ಸಾಕು. ಮುಖ್ಯ ಆವರಣದಿಂದ ದೂರ ಇದೆ, ಶಟಲ್ ಬಸ್ ಹಿಡಿಯಿರಿ, ಟಿಕೆಟ್ ಜೇಬಲ್ಲೇ ಇರಲಿ.

ಉತ್ತರ 3
ಯಾರು ಮುಂದಿದ್ದಾರೆ ಅಂತ ಗೊತ್ತಾಗದೇ ಬೇಜಾರಾಗೋದೇ ಹೆಚ್ಚು. ಮೂರು ವರ್ಗದ ಕಾರುಗಳು ಒಟ್ಟಿಗೇ ಓಡುತ್ತವೆ, ಹಾಗಾಗಿ ಕಾರಿನ ನಂಬರ್ ಫಲಕದ ಬಣ್ಣ ನೆನಪಿಟ್ಟುಕೊಳ್ಳಿ: ಕೆಂಪು ಹೈಪರ್‌ಕಾರ್, ನೀಲಿ ಎಲ್‌ಎಂಪಿ2, ಕಿತ್ತಳೆ ಜಿಟಿ3. ಹೈಪರ್‌ಕಾರ್ ಸುತ್ತಿಗೆ ಸುಮಾರು ಮೂರೂವರೆ ನಿಮಿಷ, ಜಿಟಿ3ಗೆ ನಾಲ್ಕು. ಹಾಗಾಗಿ ಏಳೆಂಟು ಸುತ್ತಿಗೊಮ್ಮೆ ಹೈಪರ್‌ಕಾರ್ ಜಿಟಿ3ಯನ್ನು ಹಿಂದಿಕ್ಕುತ್ತಲೇ ಇರುತ್ತೆ, ಅದು ಸ್ಥಾನಕ್ಕಾಗಿ ನಡೆಯೋ ಪೈಪೋಟಿ ಅಲ್ಲ. ಫೋನ್ ನಂಬಬೇಡಿ, ಅಷ್ಟು ಜನರ ನಡುವೆ ನೆಟ್‌ವರ್ಕ್ ಕೈಕೊಡುತ್ತೆ. ಪುಟ್ಟ ಎಫ್‌ಎಂ ರೇಡಿಯೋ ಒಯ್ಯಿರಿ, 91.2ರಲ್ಲಿ ಇಂಗ್ಲಿಷ್ ಕಾಮೆಂಟರಿ ಬರುತ್ತೆ. ಕಿವಿಗೆ ಇಯರ್‌ಪ್ಲಗ್, ಬೆಳಗಿನ ಜಾವದ ಚಳಿಗೆ ಜಾಕೆಟ್ ಬೇಕೇ ಬೇಕು.

ಪ್ರಶ್ನೆ ಕೇಳಿದವರು
ಶುಕ್ರವಾರವೇ ಬಂದರೆ ಊರಲ್ಲಿ ಏನಾದ್ರೂ ಇದೆಯಾ?

ಉತ್ತರ 1
ಇದೆ. ಅವತ್ತು ಸಂಜೆ ಊರಿನ ನಡುವೆ ಚಾಲಕರ ಮೆರವಣಿಗೆ. ಅದಕ್ಕೂ ಮುಂಚೆ ಹಳೇ ಊರಿನ ರೋಮನ್ ಕೋಟೆಗೋಡೆ ನೋಡಿ, ಕೆಂಪು ಇಟ್ಟಿಗೆ ಮತ್ತು ಕಲ್ಲಿನ ಚಿತ್ತಾರ ನದಿ ಬದಿಯಿಂದ ಚೆನ್ನಾಗಿ ಕಾಣುತ್ತೆ. ಆದರೆ ರೂಮ್ ಈಗಲೇ ಹುಡುಕಿ, ರೇಸ್ ವಾರದಲ್ಲಿ ಸಿಗೋದು ಕಷ್ಟ.