ಬೇಕಲ ಕೋಟೆಯ ಕಂಡಿಯಿಂದ ಕಂಡ 1660: ಆ ವರ್ಷ ಎಲ್ಲೆಲ್ಲಿ ಏನಾಯಿತು?

ಪ್ರಶ್ನೆ – ಕಾಸರಗೋಡಿನ ಟೀಚರ್

ನಾನು ಏಳನೇ ಕ್ಲಾಸಿನ ಕನ್ನಡ ಮಕ್ಕಳಿಗೆ ಸಮಾಜ ಹೇಳಿಕೊಡುತ್ತೇನೆ. ಹೋದ ವಾರ ಬೇಕಲ ಕೋಟೆಗೆ ಹೋಗಿದ್ದೆವು. ಕೋಟೆ ಕಟ್ಟಿಸಿದ ಕೆಳದಿಯ ಶಿವಪ್ಪ ನಾಯಕ ತೀರಿಕೊಂಡದ್ದು 1660ರಲ್ಲಿ ಅಂತ ಹೇಳಿದೆ. ಗೋಡೆಯ ಕಂಡಿಗೆ ಕಣ್ಣಿಟ್ಟು ಕಡಲು ನೋಡುತ್ತಿದ್ದ ಹುಡುಗಿಯೊಬ್ಬಳು ತಿರುಗಿ ಕೇಳಿದಳು: "ಟೀಚರ್, ಆ ವರ್ಷ ಕಡಲಿನ ಆಚೆ ಏನಾಗ್ತಾ ಇತ್ತು?"

ನನಗೆ ಥಟ್ಟನೆ ಹೇಳಲು ಆಗಲಿಲ್ಲ. ಕೆಳದಿ ಒಂದು ದಿನ, ಮರಾಠರು ಇನ್ನೊಂದು ದಿನ, ಇಂಗ್ಲೆಂಡ್ ಮತ್ತೊಂದು ದಿನ, ಹಾಗೇ ಅಲ್ವಾ ನಾವು ಪಾಠ ಮಾಡುವುದು? ಈ ಸಲ ಒಂದೇ ವರ್ಷವನ್ನು ಚಾರ್ಟಿನಲ್ಲಿ ಬಿಡಿಸಬೇಕು ಅಂತಿದ್ದೇನೆ. ಸುಮ್ನೆ ಇಸವಿಗಳ ಪಟ್ಟಿ ಬೇಡ. ಮಕ್ಕಳ ಕಣ್ಣಿಗೆ ಕಟ್ಟುವಂಥದ್ದು ಹೇಳಿ.

ಉತ್ತರ – ಜತ್ತ, ಸಾಂಗ್ಲಿ ಜಿಲ್ಲೆ

ಅಕ್ಕೋರೇ, 1660 ಅಂದರೆ ನಮ್ಮ ಕಡೆ ಪನ್ಹಾಳ ಕೋಟೆ. ಒಳಗೆ ಶಿವಾಜಿ ಮಹಾರಾಜರಿದ್ದರು. ಬಿಜಾಪುರದ ಸರದಾರ ಸಿದ್ದಿ ಜೌಹರ್ ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಕೂತಿದ್ದ. ಕಡಲಿನ ಆಚೆಯವರೂ ಅಲ್ಲಿದ್ದರು ನೋಡಿ: ರಾಜಾಪುರದ ಇಂಗ್ಲಿಷ್ ವ್ಯಾಪಾರಿಗಳು ಅವನಿಗೆ ಮದ್ದುಗುಂಡು ತಂದುಕೊಟ್ಟಿದ್ದರು. ಜುಲೈ ತಿಂಗಳ ಒಂದು ಮಳೆರಾತ್ರಿ ಮಹಾರಾಜರು ಪಲ್ಲಕ್ಕಿಯಲ್ಲಿ ಕೋಟೆಯಿಂದ ಇಳಿದು ವಿಶಾಳಗಡ ಕೋಟೆಯ ದಾರಿ ಹಿಡಿದರು. ಹಿಂದೆ ಬಂದ ಸೈನ್ಯವನ್ನು ಅವರ ಸರದಾರ ಬಾಜಿಪ್ರಭು ಕಣಿವೆಯಲ್ಲಿ ತಡೆದು ನಿಂತು ಪ್ರಾಣ ಬಿಟ್ಟ. ಅದಕ್ಕೆ ಈಗ ಪಾವನಖಿಂಡ ಅನ್ನುತ್ತೇವೆ.

ಆದರೆ ಮಕ್ಕಳಿಗೆ ಶಿವಾ ಕಾಶಿದನ ಹೆಸರನ್ನೂ ಹೇಳಿ. ಅವನು ಕ್ಷೌರಿಕ. ನೋಡಲು ಮಹಾರಾಜರ ಹಾಗೇ ಇದ್ದನಂತೆ. ಅವರ ಪೋಷಾಕು ಹಾಕಿಕೊಂಡು ಇನ್ನೊಂದು ಪಲ್ಲಕ್ಕಿಯಲ್ಲಿ ಕೂತ. ಸಿಗುತ್ತೇನೆ ಅಂತ ಗೊತ್ತಿದ್ದೇ ಕೂತ. ಒಂದು ಮಳೆಗಾಲ ಆ ದಾರಿಯಲ್ಲಿ ನಾನೂ ನಡೆದಿದ್ದೇನೆ. ಹಾಡುಹಗಲಲ್ಲೇ ಕೆಸರಿನಿಂದ ಕಾಲು ಕೀಳಲು ಆಗುತ್ತಿರಲಿಲ್ಲ. ಕತ್ತಲಲ್ಲಿ ಪಲ್ಲಕ್ಕಿ ಹೊತ್ತು ಓಡಿದವರನ್ನು ನೆನೆದು ಅಲ್ಲೇ ನಿಂತುಬಿಟ್ಟೆ.

ಉತ್ತರ – ಮಂಜೇಶ್ವರ

ಟೀಚರ್, ಲಂಡನ್ ಕಡೆಯದು ನಾನು ಹೇಳುತ್ತೇನೆ. ಹನ್ನೊಂದು ವರ್ಷ ರಾಜನಿಲ್ಲದೆ ಇದ್ದ ದೇಶಕ್ಕೆ ಆ ಮೇ ತಿಂಗಳಲ್ಲಿ ಎರಡನೇ ಚಾರ್ಲ್ಸ್ ವಾಪಸ್ ಬಂದ. ನವೆಂಬರ್ 28ಕ್ಕೆ ಹನ್ನೆರಡು ಮಂದಿ ಕೂತು, ಪ್ರಯೋಗ ಮಾಡಿ ನೋಡಿಯೇ ತಿಳಿಯೋಣ ಅಂತ ಒಂದು ಕೂಟ ಕಟ್ಟಿದರು. ಅದೇ ರಾಯಲ್ ಸೊಸೈಟಿ.

ಮಕ್ಕಳಿಗೆ ಜಾಸ್ತಿ ಹಿಡಿಸುವುದು ಇದು: ಆ ವರ್ಷದ ನಡುವೆ ನೌಕಾಪಡೆಯ ಕಚೇರಿ ಸೇರಿದ ಸ್ಯಾಮ್ಯುಯೆಲ್ ಪೀಪ್ಸ್ ಅದೇ ವರ್ಷ ಜನವರಿ 1ರಿಂದ ಡೈರಿ ಬರೆಯಲು ಶುರು ಮಾಡಿದ್ದ. ಸೆಪ್ಟೆಂಬರ್ 25ರಂದು, ಚೀನಾದ ಚಾ ತರಿಸಿ ಕುಡಿದೆ, ಮುಂಚೆ ಯಾವತ್ತೂ ಕುಡಿದಿರಲಿಲ್ಲ ಅಂತ ಬರೆದಿದ್ದಾನೆ. ನಮ್ಮ ಕಡೆಯ ಕರಿಮೆಣಸಿನ ರುಚಿ ಮಾತ್ರ ಅವರಿಗೆ ಎಷ್ಟೋ ಕಾಲದಿಂದ ಗೊತ್ತಿತ್ತು!

ಟೀಚರ್ ಮತ್ತೆ ಬರೆದದ್ದು

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಶುರು ಮಾಡಿದೆವು. ನಡುವೆ ಕೆಳದಿಯವರ ರಾಜಧಾನಿ ಬಿದನೂರು. ಅಲ್ಲಿ ಶಿವಪ್ಪ ನಾಯಕನ ಶಿಸ್ತು, ಅಂದರೆ ಅವನ ಕಂದಾಯದ ಪದ್ಧತಿ: ಮಣ್ಣಿನ ಗುಣ ನೋಡಿ ಭೂಮಿಯನ್ನು ಐದು ಬಗೆ ಮಾಡಿದ್ದು. ಅದಕ್ಕೆ ಒಬ್ಬ ಹುಡುಗ ಮನೆಯ ಗದ್ದೆಯ ಮಣ್ಣನ್ನೇ ತಂದು ಅಂಟಿಸಿದ. ಕಂಡಿಗೆ ಕಣ್ಣಿಟ್ಟಿದ್ದ ಹುಡುಗಿ ಲಂಡನ್ ಇರುವಲ್ಲಿ ಹಬೆಯಾಡುವ ಚಾ ಲೋಟ ಬಿಡಿಸಿದ್ದಾಳೆ. ಶಿವಾ ಕಾಶಿದನ ಕಥೆ ಕೇಳಿ ಕ್ಲಾಸೇ ಸುಮ್ಮನಾಯಿತು. ಅವನ ಪಲ್ಲಕ್ಕಿಗೆ ಜಾಗ ಸಾಲಲಿಲ್ಲ, ನಾಳೆ ಇನ್ನೊಂದು ಚಾರ್ಟ್ ಪೇಪರ್ ತರುತ್ತೇನೆ.