ಅಟ್ಟದ ಮೇಲಿನ ಹಲಸಿನ ಹಲಗೆಯಲ್ಲಿ ಎಲೆಕ್ಟ್ರಿಕ್ ಗಿಟಾರ್ ಆಗುತ್ತಾ?

ಸಕಲೇಶಪುರದ ಹುಡುಗ:

ಎಲ್ಲರಿಗೂ ನಮಸ್ಕಾರ. ಹಳೇ ಮನೆ ರಿಪೇರಿ ಮಾಡಿಸುವಾಗ ಅಟ್ಟದ ಮೇಲೆ ಎರಡು ಹಲಸಿನ ಹಲಗೆ ಸಿಕ್ಕಿವೆ. ಯಾವ ಕಾಲದಲ್ಲೋ ಬಾಗಿಲಿಗೆ ಅಂತ ಕೊಯ್ಯಿಸಿ ಇಟ್ಟಿದ್ದಂತೆ. ಎರಡು ಇಂಚು ದಪ್ಪ, ಒಂಬತ್ತು ಇಂಚು ಅಗಲ, ಆರು ಅಡಿ ಉದ್ದ. ಅಪ್ಪ ಟೀಪಾಯಿ ಮಾಡಿಸೋಣ ಅಂತಿದ್ದಾರೆ. ನನಗೆ ಅದರಲ್ಲಿ ಎಲೆಕ್ಟ್ರಿಕ್ ಗಿಟಾರ್ ಮಾಡುವ ಆಸೆ.

ಯೂಟ್ಯೂಬಿನಲ್ಲಿ ನೋಡಿದರೆ ಎಲ್ಲರೂ ಮೇಪಲ್, ಆಲ್ಡರ್, ಆಶ್ ಅಂತಾರೆ. ನಮ್ಮ ಕಡೆ ಅದೆಲ್ಲಿ ಸಿಗಬೇಕು? ಹಲಸಿನಲ್ಲಿ ಬಾಡಿ ಮಾಡಿದರೆ ಸೌಂಡ್ ಕೆಡುತ್ತಾ? ನೆಕ್ (ಎಡಗೈ ಹಿಡಿಯುವ ಉದ್ದನೆಯ ಭಾಗ) ಕೂಡ ಅದರಲ್ಲೇ ಮಾಡಬಹುದಾ? ನನ್ನ ಹತ್ತಿರ ಡ್ರಿಲ್, ಜಿಗ್ ಸಾ, ಉಳಿ, ತೋಪಡ ಇವೆ. ರೂಟರ್ (ಮರದಲ್ಲಿ ಗುಂಡಿ, ಗ್ರೂವ್ ಕೊರೆಯುವ ಮೆಷಿನ್) ಇಲ್ಲ. ಪಿಕಪ್ (ತಂತಿಯ ಅಲುಗಾಟವನ್ನು ಕರೆಂಟಿಗೆ ತಿರುಗಿಸುವ ಸುರುಳಿ) ಕೂಡ ಮನೆಯಲ್ಲೇ ಸುತ್ತಬೇಕು ಅಂತಿದೆ, ಊರಲ್ಲಿ ಮೋಟಾರ್ ವೈಂಡಿಂಗ್ ಅಂಗಡಿಯವರು ಪರಿಚಯ. ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಪ್ಯಾಟರ್ನ್ ಶಾಪ್ ಬೆಳಗಾವಿ:

ತಮ್ಮಾ, ಮೊದಲು ಟೀಪಾಯಿ ಜಗಳ ಮುಗಿಸೋಣ. ಬಾಡಿಗೆ ಒಂದು ಹಲಗೆಯಿಂದ ಇಪ್ಪತ್ತಿಪ್ಪತ್ತು ಇಂಚಿನ ಎರಡು ತುಂಡು ಸಾಕು. ಅಗಲಕ್ಕೆ ಜೋಡಿಸಿ ಅಂಟಿಸಿದರೆ ಹದಿನೆಂಟು ಇಂಚು ಆಯಿತು, ಗಿಟಾರಿಗೆ ಬೇಕಾದ್ದು ಹದಿಮೂರು. ಇನ್ನೊಂದು ಹಲಗೆ ಪೂರ್ತಿ ಅಪ್ಪನಿಗೆ ಬಿಡು.

ನಾನು ಫೌಂಡ್ರಿಗೆ ಮರದ ಪ್ಯಾಟರ್ನ್ ಮಾಡುವವನು. ಬೀಡು ಎರಕ ಹೊಯ್ಯುವ ಮೊದಲು ಅದೇ ಆಕಾರದ ಮರದ ಮಾದರಿ ಬೇಕಲ್ಲ, ಅದು. ಬೀಡು ಆರುವಾಗ ನೂರಕ್ಕೆ ಒಂದರಷ್ಟು ಕುಗ್ಗುತ್ತದೆ. ಅದಕ್ಕೇ ನಮ್ಮ ಸ್ಕೇಲಿನಲ್ಲಿ ಗೆರೆಗಳು ಅಷ್ಟು ದೂರ ದೂರ ಇರುತ್ತವೆ. ಗಿಟಾರ್ ಕೆಲಸಕ್ಕೆ ಕೂತಾಗ ಆ ಸ್ಕೇಲನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತೇನೆ.

ಹಲಸು ಒಳ್ಳೆ ಮರ. ವೀಣೆಗೆ ಆಗುವ ಮರ ಗಿಟಾರಿಗೆ ಯಾಕೆ ಆಗಲ್ಲ? ಆಲ್ಡರ್‌ಗಿಂತ ಭಾರ ಇರುತ್ತದೆ ಅಷ್ಟೇ. ಹೆಗಲು ನೋಯುತ್ತದೆ ಅನ್ನಿಸಿದರೆ ಎರಡು ತುಂಡು ಅಂಟಿಸುವ ಮೊದಲೇ ಒಳಗಡೆ ಸ್ವಲ್ಪ ಟೊಳ್ಳು ಮಾಡಿಕೋ. ಇನ್ನು ಸೌಂಡಿನ ಮಾತು. ಮರದ ಜಾತಿಯ ಮೇಲೆ ಜನ ಬಡಿದಾಡುತ್ತಾರೆ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಎಲೆಕ್ಟ್ರಿಕ್ ಗಿಟಾರಿನಲ್ಲಿ ಪಿಕಪ್ ಕೇಳಿಸಿಕೊಳ್ಳುವುದು ತಂತಿಯ ಅಲುಗಾಟವನ್ನು. ತಂತಿಯ ಕೆಳತುದಿ ಕೂರುವ ಬ್ರಿಜ್ಜು, ಪಿಕಪ್ಪು, ನೆಕ್ಕು ಮೂರೂ ಅಲ್ಲಾಡದಂತೆ ಹಿಡಿದುಕೊಂಡರೆ ಬಾಡಿಯ ಕೆಲಸ ಬಹುಪಾಲು ಮುಗಿಯಿತು. 1940ರ ಸುಮಾರಿಗೆ ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ ನಾಲ್ಕು ಇಂಚು ಚೌಕದ ಪೈನ್ ತೊಲೆಗೆ ನೆಕ್ ಕೂರಿಸಿ ನುಡಿಸಿದ್ದ. ಆಮೇಲೆ, ನೋಡುವವರಿಗೆ ಗಿಟಾರ್ ಅನ್ನಿಸಲಿ ಅಂತ ಅದರ ಎರಡೂ ಬದಿಗೆ ಬೇರೆ ಗಿಟಾರಿನ ಹೋಳು ಸೇರಿಸಿದ.

ನೀನು ತಲೆ ಕೆಡಿಸಿಕೊಳ್ಳಬೇಕಾದ್ದು ನೆಕ್ ಬಗ್ಗೆ. ಆರು ತಂತಿ ಸೇರಿ ಸುಮಾರು 45 ಕೆಜಿ ಎಳೆಯುತ್ತವೆ, ಹಗಲೂ ರಾತ್ರಿ. ಅಷ್ಟು ಎಳೆದರೂ ನೆಕ್ ಕೂದಲೆಳೆಯಷ್ಟು ಮಾತ್ರ ಬಾಗಬೇಕು. ಹಲಸಿನ ಒಂದೇ ತುಂಡನ್ನು ಇದಕ್ಕೆ ನಂಬಬೇಡ, ಅದರ ಎಳೆ ಒಂದೊಂದು ಕಡೆ ಒಂದೊಂದು ದಿಕ್ಕಿಗೆ ಹೋಗಿರುತ್ತದೆ. ನೇರ ಎಳೆಯ ಹಳೇ ತೇಗ ಸಿಕ್ಕರೆ ಮೂರು ಪಟ್ಟಿ ಸೀಳಿ, ನಡುವಿನದನ್ನು ತಿರುಗಿಸಿಟ್ಟು ಅಂಟಿಸು. ಒಂದು ಪಟ್ಟಿ ಬಾಗಲು ನೋಡಿದರೆ ಪಕ್ಕದ್ದು ತಡೆಯುತ್ತದೆ. ತೇಗದಲ್ಲಿ ಎಣ್ಣೆ ಅಂಶ ಜಾಸ್ತಿ. ಅಂಟು ಹಚ್ಚುವ ಮುಂಚೆ ಥಿನ್ನರ್‌ನಲ್ಲಿ ಒರೆಸು, ಇಲ್ಲದಿದ್ದರೆ ಹಿಡಿಯಲ್ಲ.

ಒಳಗೆ ಟ್ರಸ್ ರಾಡ್ (ನೆಕ್‌ನ ಬಾಗು ಸರಿಪಡಿಸುವ ಲೋಹದ ಕಡ್ಡಿ) ಬೇಕೇ ಬೇಕು, ಎರಡೂ ಕಡೆ ತಿರುಗುವ ಜಾತಿಯದು. ಆನ್‌ಲೈನ್‌ನಲ್ಲಿ ಸಿಗುತ್ತದೆ. ಅದಕ್ಕೆ ನೆಕ್ ಉದ್ದಕ್ಕೂ ಗ್ರೂವ್ ಹೊಡೆಯಬೇಕು. ಇದೊಂದಕ್ಕೆ ಊರಿನ ಬಡಗಿ ಅಂಗಡಿಗೆ ಹೋಗು, ರೂಟರ್ ಇದ್ದವರಿಗೆ ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ.

ಈಗ ಫ್ರೆಟ್, ಅಂದರೆ ನೆಕ್ ಮೇಲಿನ ಬೆರಳು ಹಲಗೆಗೆ ಅಡ್ಡಲಾಗಿ ಬಡಿಯುವ ಲೋಹದ ತಂತಿ ತುಂಡುಗಳು. ಫೆಂಡರ್ ಕಂಪನಿಯ ಅಳತೆ ಹಿಡಿದರೆ, ನೆಕ್‌ನ ಮೇಲ್ತುದಿಯಲ್ಲಿ ತಂತಿ ಕೂರುವ ಪಟ್ಟಿ ಅಂದರೆ ನಟ್‌ನಿಂದ ಬ್ರಿಜ್‌ವರೆಗೆ 648 ಮಿ.ಮೀ. ಅದನ್ನು 17.817ರಿಂದ ಭಾಗಿಸಿದರೆ ಮೊದಲ ಫ್ರೆಟ್, 36.37. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದರೆ ಮೊದಲನೆಯದರಿಂದ ಎರಡನೆಯದಕ್ಕೆ ಇರುವ ದೂರ. ಹೀಗೇ ಹೋದರೆ ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ, 324ಕ್ಕೆ ಬಂದು ಕೂರುತ್ತದೆ. ಹಿಂದಿನವರು 17.817ರ ಬದಲು 18 ಹಿಡಿಯುತ್ತಿದ್ದರು. ಖಗೋಳದ ಗೆಲಿಲಿಯೋ ಇದ್ದನಲ್ಲ, ಅವನ ಅಪ್ಪ ಲ್ಯೂಟ್ ವಾದ್ಯಕ್ಕೆ 1581ರಲ್ಲಿ ಬರೆದಿಟ್ಟ ಲೆಕ್ಕ ಅದು. ನಿನ್ನ ಗಿಟಾರಿನಲ್ಲಿ 18 ಹಿಡಿದರೆ ಹನ್ನೆರಡನೇ ಫ್ರೆಟ್ ಎರಡೂ ಕಾಲು ಮಿ.ಮೀ. ಹಿಂದೆ ಬೀಳುತ್ತದೆ. ಬೇಡ.

ಲೆಕ್ಕ ಕ್ಯಾಲ್ಕುಲೇಟರ್ ಮಾಡುತ್ತದೆ. ಕೈ ಕೆಡುವುದು ಗುರುತು ಹಾಕುವಾಗ. ಒಂದು ಫ್ರೆಟ್‌ನಿಂದ ಇನ್ನೊಂದಕ್ಕೆ ಅಳೆಯುತ್ತಾ ಹೋಗಬೇಡ, ಸಣ್ಣ ಸಣ್ಣ ತಪ್ಪು ಕೂಡಿ ದೊಡ್ಡದಾಗುತ್ತದೆ. ಸ್ಟೀಲ್ ಸ್ಕೇಲಿನ ಸೊನ್ನೆಯನ್ನು ನಟ್ ಹತ್ತಿರ ಇಟ್ಟು ಕ್ಲ್ಯಾಂಪ್ ಹಾಕು. 36.37, 70.70, 103.10, ಹೀಗೆ ಎಲ್ಲವನ್ನೂ ಅಲ್ಲಿಂದಲೇ ಗುರುತಿಸು. ಪೆನ್ಸಿಲ್ ಬೇಡ, ಬ್ಲೇಡಿನಲ್ಲಿ ಗೀರು. ಇಪ್ಪತ್ತನೇ ಫ್ರೆಟ್ ಹತ್ತಿರ ಅರ್ಧ ಮಿ.ಮೀ. ತಪ್ಪಿದರೆ ಸ್ವರ ನಾಲ್ಕು ಸೆಂಟ್‌ಗಿಂತ ಜಾಸ್ತಿ ಜಾರುತ್ತದೆ (ಪಕ್ಕಪಕ್ಕದ ಎರಡು ಫ್ರೆಟ್ ಸ್ವರಗಳ ನಡುವೆ ನೂರು ಸೆಂಟ್). ಅದೇ ಅರ್ಧ ಮಿ.ಮೀ. ಮೊದಲ ಫ್ರೆಟ್‌ನಲ್ಲಾದರೆ ಒಂದೂವರೆ ಸೆಂಟೂ ಇಲ್ಲ. ಹಾಗಾಗಿ ಬಾಡಿ ಹತ್ತಿರ ಬಂದ ಹಾಗೆ ಕೈ ನಿಧಾನ ಆಗಲಿ.

ಗರಗಸದ ಸೀಳು 0.6 ಮಿ.ಮೀ. ಒಳಗೇ ಇರಬೇಕು. ಸಾಧಾರಣ ಗರಗಸ ದಪ್ಪ, ಅದರಲ್ಲಿ ಕೊಯ್ದರೆ ಫ್ರೆಟ್ ಕೂರುವ ಬದಲು ಉದುರುತ್ತದೆ. ಫ್ರೆಟ್ ಗರಗಸ ಬೇರೆಯೇ ಸಿಗುತ್ತದೆ, ಅದಕ್ಕೆ ದುಡ್ಡು ಹಾಕು. ಪಕ್ಕಕ್ಕೆ ಮೂಲೆಮಟ್ಟ ನೋಡಿ ಕೊರೆದ ಮರದ ದಿಮ್ಮಿ ಒತ್ತಿ ಹಿಡಿದರೆ ಗರಗಸ ವಾಲಲ್ಲ. ಫ್ರೆಟ್ ತಂತಿಯನ್ನು ಬೆರಳು ಹಲಗೆಯ ಉಬ್ಬಿಗಿಂತ ಸ್ವಲ್ಪ ಜಾಸ್ತಿ ಬಗ್ಗಿಸಿಕೊಂಡು, ಮೊದಲು ಎರಡು ತುದಿ, ಆಮೇಲೆ ನಡು ಬಡಿ.

ಎಲ್ಲ ಬಡಿದಾದ ಮೇಲೂ ಫ್ರೆಟ್‌ಗಳ ತಲೆ ಒಂದೇ ಮಟ್ಟ ಇರಲ್ಲ. ದಪ್ಪ ಗಾಜಿನ ತುಂಡಿಗೆ ಸ್ಯಾಂಡ್ ಪೇಪರ್ ಅಂಟಿಸು, ಫ್ರೆಟ್ ತಲೆಗಳಿಗೆಲ್ಲ ಮಾರ್ಕರ್ ಇಂಕು ಹಚ್ಚು, ಉದ್ದಕ್ಕೆ ಉಜ್ಜು. ಇಂಕು ಎಲ್ಲ ಕಡೆ ಹೋಯಿತಾ, ಮಟ್ಟ ಬಂತು. ಆಮೇಲೆ ಸಣ್ಣ ಅರದಿಂದ ಒಂದೊಂದನ್ನೂ ದುಂಡಗೆ ಮಾಡಬೇಕು. ಬೇಜಾರಿನ ಕೆಲಸ. ಅಂಗಡಿ ಗಿಟಾರ್‌ಗಳಲ್ಲಿ ಹಣ ಉಳಿಸುವುದು ಇಲ್ಲೇ, ನೀನು ಮಾತ್ರ ಇಲ್ಲೇ ಕೂರು.

ಬೆರಳು ಹಲಗೆಗೆ ಬೀಟೆ ಸಿಕ್ಕರೆ ಅದಕ್ಕಿಂತ ಒಳ್ಳೆಯದು ಇಲ್ಲ. ಪ್ರಪಂಚದ ಎಷ್ಟೋ ಗಿಟಾರ್‌ಗಳಿಗೆ ಹೋಗುವುದು ನಮ್ಮ ಭಾರತದ ಬೀಟೆಯೇ. ಆದರೆ ಸ್ವಂತ ತೋಟದ ಮರವಾದರೂ ಅರಣ್ಯ ಇಲಾಖೆ ಅನುಮತಿ ಇಲ್ಲದೆ ಕಡಿಯುವಂತಿಲ್ಲ, ಅದು ನೆನಪಿರಲಿ. ಫರ್ನಿಚರ್ ಕೆಲಸದವರ ಹತ್ತಿರ ಬಿಲ್ ಸಮೇತ ತುಂಡು ಕೇಳು, ಎಂಟು ಮಿ.ಮೀ. ದಪ್ಪ ಇದ್ದರೆ ಸಾಕು.

ಮೈಸೂರು ರೋಡ್:

ಸುಮ್ನೆ ಒಂದು ಕಿಟ್ ತಗೊಳ್ಳಿ ಬ್ರೋ. ಅಥವಾ ಬಾಡಿ ನೀವು ಮಾಡಿ, ನೆಕ್ ರೆಡಿ ಸಿಗುತ್ತೆ. ಇಷ್ಟೆಲ್ಲ ಓದಿ ನನಗೇ ಸುಸ್ತಾಯ್ತು.

ಪ್ಯಾಟರ್ನ್ ಶಾಪ್ ಬೆಳಗಾವಿ:

ರೆಡಿ ನೆಕ್ ತಪ್ಪೇನಲ್ಲ. ಲಿಯೋ ಫೆಂಡರ್ 1950ರಲ್ಲಿ ನಾಲ್ಕು ಸ್ಕ್ರೂ ಹಾಕಿ ನೆಕ್ ಕೂರಿಸಿದ್ದೇ ಬೇಕಾದಾಗ ಬಿಚ್ಚಿ ಬೇರೆ ಹಾಕಲಿ ಅಂತ. ಆತ ರೇಡಿಯೋ ರಿಪೇರಿಯವನು, ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಆದರೆ ಹುಡುಗ ಕೇಳಿದ್ದು ಕೈಯಾರೆ ಮಾಡುವುದನ್ನು. ನೆಕ್ ಕೊಂಡು ತಂದರೆ ಹೂರಣ ಅಂಗಡಿಯಿಂದ ತಂದು ಹೋಳಿಗೆ ಮಾಡಿದ ಹಾಗೆ.

ರೇಡಿಯೋ ರಿಪೇರಿ ದಾವಣಗೆರೆ:

ಮರದ ವಿಷಯ ಅಣ್ಣ ಹೇಳಿದ್ದಾರೆ, ನಾನು ಕರೆಂಟಿನ ಕಡೆ ಬರುತ್ತೇನೆ.

ವೈಂಡಿಂಗ್ ಅಂಗಡಿಗೆ ಹೋಗಿ "42 ಗೇಜ್ ಕೊಡಿ" ಅನ್ನಬೇಡಿ. ಗಿಟಾರಿನವರು ಹೇಳುವ 42 ಅಮೆರಿಕದ ಎಡಬ್ಲ್ಯುಜಿ ಲೆಕ್ಕ, 0.063 ಮಿ.ಮೀ. ನಮ್ಮ ಅಂಗಡಿಗಳಲ್ಲಿ ನಡೆಯುವುದು ಬ್ರಿಟಿಷ್ ಲೆಕ್ಕದ ಎಸ್‌ಡಬ್ಲ್ಯುಜಿ. ಅದರಲ್ಲಿ 42 ಅಂದರೆ 0.1 ಮಿ.ಮೀ. ಆಗಿಬಿಡುತ್ತದೆ. ಅಷ್ಟು ದಪ್ಪ ತಂತಿ ಎಂಟು ಸಾವಿರ ಸುತ್ತು ಹಾಕಿದರೆ ಬಾಬಿನ್‌ನಲ್ಲಿ ಹಿಡಿಸುವುದೇ ಇಲ್ಲ. ನೀವು ಕೇಳಬೇಕಾದ್ದು ಎಸ್‌ಡಬ್ಲ್ಯುಜಿ 46. ಪಂಪ್‌ಸೆಟ್ ಮೋಟಾರ್ ಸುತ್ತುವವರು ಇಷ್ಟು ಸಣ್ಣದು ಇಡುವುದು ಕಡಿಮೆ, ಅವರಿಂದ ತರಿಸಿಕೊಳ್ಳಿ.

ಫೆಂಡರ್‌ನ ಸ್ಟ್ರಾಟ್ ಗಿಟಾರಿನ ಥರದ, ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಪಿಕಪ್‌ಗೆ ಸುಮಾರು 8,000 ಸುತ್ತು. ಸುತ್ತಿದ ಮೇಲೆ ಮೀಟರ್ ಇಟ್ಟರೆ ಆರೇಳು ಕಿಲೋ ಓಮ್ ತೋರಿಸಬೇಕು. ಮೀಟರ್ ಏನೂ ತೋರಿಸದಿದ್ದರೆ ಒಳಗೆ ಎಲ್ಲೋ ತಂತಿ ತುಂಡಾಗಿದೆ, ಬಿಚ್ಚಿ ಮತ್ತೆ ಸುತ್ತುವುದೇ. ಎಣಿಸಲು ಒಂದು ಉಪಾಯ. ಹಳೇ ಕ್ಯಾಲ್ಕುಲೇಟರ್ ಬಿಚ್ಚಿ "=" ಬಟನ್‌ನ ಎರಡು ತುದಿಗೆ ರೀಡ್ ಸ್ವಿಚ್ (ಮ್ಯಾಗ್ನೆಟ್ ಹತ್ತಿರ ಬಂದರೆ ಆನ್ ಆಗುವಂಥದ್ದು) ಬೆಸುಗೆ ಹಾಕಿ. ಸುತ್ತುವ ಚಕ್ರಕ್ಕೆ ಪುಟ್ಟ ಮ್ಯಾಗ್ನೆಟ್ ಅಂಟಿಸಿ. 1+1 ಒತ್ತಿ ಶುರು ಮಾಡಿದರೆ ಸುತ್ತಿಗೊಂದು ಕೂಡುತ್ತಾ ಹೋಗುತ್ತದೆ. ತೀರಾ ಜೋರಾಗಿ ತಿರುಗಿಸಿದರೆ ಕ್ಯಾಲ್ಕುಲೇಟರ್ ಹಿಂದೆ ಬೀಳುತ್ತದೆ, ನಿಧಾನ.

ಆಲ್ನಿಕೋ ಮ್ಯಾಗ್ನೆಟ್ ಕಡ್ಡಿ ಸಿಗದಿದ್ದರೆ ಕಬ್ಬಿಣದ ಸ್ಕ್ರೂ ಆರು ಹಾಕಿ, ಕೆಳಗೆ ಫೆರೈಟ್ ಮ್ಯಾಗ್ನೆಟ್ ಪಟ್ಟಿ ಅಂಟಿಸಿ. ಅಗ್ಗದ ಪಿಕಪ್‌ಗಳಲ್ಲಿ ಇರುವುದೇ ಅದು, ಕೆಲಸ ಮಾಡುತ್ತದೆ. ಸುತ್ತಿದ ಮೇಲೆ ಮೇಣದಲ್ಲಿ ಅದ್ದಬೇಕು, ಇಲ್ಲದಿದ್ದರೆ ಆಂಪ್ ಜೋರು ಮಾಡಿದಾಗ ಕೀರಲುತ್ತದೆ. ಮೇಣವನ್ನು ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ನೇರ ಗ್ಯಾಸ್ ಮೇಲೆ ಇಟ್ಟರೆ ಬೆಂಕಿ ಹತ್ತುತ್ತದೆ.

ವಾಲ್ಯೂಮ್‌ಗೆ 250ಕೆ ಪಾಟ್ (ತಿರುಗಿಸುವ ರೆಸಿಸ್ಟರ್), ಮೇಲೆ "ಎ" ಅಂತ ಬರೆದಿರಬೇಕು. ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೇಳಿದರೂ ಮೊದಲು ಕೈಗೆ ಬರುವುದು "ಬಿ". ಅದನ್ನು ಹಾಕಿದರೆ ಸೌಂಡ್ ಏರಿಳಿಯುವುದೆಲ್ಲ ತಿರುವಿನ ಒಂದೇ ತುದಿಯಲ್ಲಿ ಆಗಿಹೋಗುತ್ತದೆ. ಟೋನ್‌ಗೆ 0.022 ಅಥವಾ 0.047 ಮೈಕ್ರೋಫ್ಯಾರಡ್ ಕೆಪಾಸಿಟರ್, ಎಂಥದ್ದಾದರೂ ಪರವಾಗಿಲ್ಲ. ಸಿಂಗಲ್ ಕಾಯಿಲ್ ಅಂದಮೇಲೆ ಮನೆಯ ಕರೆಂಟಿನ ಗುಂಯ್ ಬರುತ್ತದೆ. ಬಾಡಿಯಲ್ಲಿ ಪಿಕಪ್, ಪಾಟ್ ಕೂರಲು ಕೊರೆದ ಗುಂಡಿಯ ಒಳಗೆ ತಾಮ್ರದ ಟೇಪ್ ಅಂಟಿಸಿ ಗ್ರೌಂಡ್‌ಗೆ ಸೇರಿಸಿ. ಬ್ರಿಜ್‌ಗೂ ಒಂದು ಗ್ರೌಂಡ್ ವೈರ್ ಎಳೆಯಿರಿ. ಪೂರ್ತಿ ಹೋಗಲ್ಲ, ಕಡಿಮೆ ಆಗುತ್ತದೆ.

ಕ್ವೀನ್ ಬ್ಯಾಂಡಿನ ಬ್ರಯಾನ್ ಮೇ ಅಪ್ಪನ ಜೊತೆ ಸೇರಿ 1963ರಲ್ಲಿ ಶುರು ಮಾಡಿದ ಗಿಟಾರ್ ಗೊತ್ತಲ್ಲ? ನೆಕ್‌ಗೆ ಹಳೇ ಅಗ್ಗಿಷ್ಟಿಕೆಯ ಮರ, ಸ್ವರ ಅಲುಗಿಸುವ ಟ್ರೆಮೊಲೋಗೆ ಮೋಟಾರ್ ಸೈಕಲ್ ಸ್ಪ್ರಿಂಗ್. ಪಿಕಪ್ ಕೂಡ ಮೊದಲು ತಾನೇ ಮಾಡಿದ್ದರು, ಆಮೇಲೆ ಬರ್ನ್ಸ್ ಕಂಪನಿಯದು ಕೊಂಡು ಹಾಕಿದರು. ಸುತ್ತಿ ನೋಡಿ, ಸರಿ ಬರದಿದ್ದರೆ ಕೊಳ್ಳಿ.

ಸಕಲೇಶಪುರದ ಹುಡುಗ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅಪ್ಪನಿಗೆ ತೋರಿಸಿದೆ, ಒಂದು ಹಲಗೆ ಬಿಟ್ಟುಕೊಟ್ಟರು. ಇನ್ನೂ ಕೆಲವು ಅನುಮಾನ. ಹಲಗೆ ಒಣಗಿದೆಯಾ ಅಂತ ತಿಳಿಯುವುದು ಹೇಗೆ? ಇಲ್ಲಿ ಮಳೆ ಶುರುವಾದರೆ ಬಟ್ಟೆಯೇ ಒಣಗಲ್ಲ. ಬ್ರಿಜ್ ಜಾಗ ಹೇಗೆ ಗುರುತಿಸಬೇಕು? ನೆಕ್ ಕೂರುವ ಗುಂಡಿಯನ್ನು ಉಳಿಯಲ್ಲೇ ತೆಗೆಯಬಹುದಾ?

ಪ್ಯಾಟರ್ನ್ ಶಾಪ್ ಬೆಳಗಾವಿ:

ಅಟ್ಟದಲ್ಲಿ ಒಲೆ ಹೊಗೆ ತಿಂದ ಹಲಗೆ ಒಣಗಿಯೇ ಇರುತ್ತದೆ. ಆದರೂ ತುಂಡು ಮಾಡಿ ಅಡುಗೆಮನೆ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗು. ತೂಕ ಇಳಿಯುವುದು ನಿಂತ ಮೇಲೆ ಕೈ ಹಾಕು.

ಬ್ರಿಜ್ ಮೊದಲು ಕೊಳ್ಳು, ಮರ ಆಮೇಲೆ ಕೊಯ್ಯಿ. ಅದರ ಎತ್ತರದ ಮೇಲೆ ನೆಕ್ ಎಷ್ಟು ಮೇಲೆ ಕೂರಬೇಕು ಅನ್ನುವುದು ನಿಂತಿದೆ. ತೆಳ್ಳಗಿನ, ಚಪ್ಪಟೆ ಬ್ರಿಜ್ ತಗೊಂಡರೆ ನೆಕ್‌ಗೆ ಕೋನ ಕೊಡುವ ತಾಪತ್ರಯ ಇಲ್ಲ. ಗುಂಡಿ ಹದಿನಾರು ಮಿ.ಮೀ. ಆಳ ಸಾಕು. ಡ್ರಿಲ್‌ನಲ್ಲಿ ತೂತು ತೂತು ಮಾಡಿ, ಉಳಿದದ್ದನ್ನು ಉಳಿಯಲ್ಲಿ ತೆಗೆ. ಗೆರೆಯ ಒಳಗೇ ನಿಲ್ಲಿಸಿ, ಕೊನೆಗೆ ನೆಕ್ ಇಟ್ಟು ನೋಡುತ್ತಾ ನೋಡುತ್ತಾ ಸವರು. ಸ್ಕ್ರೂ ಇಲ್ಲದೆ ನೆಕ್ ಹಿಡಿದು ಎತ್ತಿದಾಗ ಬಾಡಿ ಜೊತೆಗೇ ಎದ್ದರೆ ಸರಿಯಾಗಿ ಕೂತಿದೆ.

ನೆಕ್ ಕೂರಿಸಿದ ಮೇಲೆಯೇ ಬ್ರಿಜ್‌ಗೆ ತೂತು. ಎರಡು ಹೊರ ತಂತಿಗಳ ಜಾಗದಲ್ಲಿ ದಾರ ಎಳೆದು ಕಟ್ಟು. ಬೆರಳು ಹಲಗೆಯ ಎರಡೂ ಅಂಚಿನಿಂದ ದಾರ ಒಂದೇ ದೂರ ಇರಬೇಕು. ಸಣ್ಣ ತಂತಿಯ ಸ್ಯಾಡಲ್ (ಬ್ರಿಜ್ ಮೇಲೆ ತಂತಿ ಕೂರುವ ಪುಟ್ಟ ತುಂಡು) ಬಹುತೇಕ ಮುಂದೆ ತಂದಿಟ್ಟು, ನಟ್‌ನಿಂದ 648ಕ್ಕೆ ಹಿಡಿ. ದಪ್ಪ ತಂತಿಗೆ ಇನ್ನೊಂದು ಮೂರು ಮಿ.ಮೀ. ಹಿಂದೆ ಬೇಕಾಗುತ್ತದೆ, ಅದಕ್ಕೆ ಸ್ಕ್ರೂನಲ್ಲಿ ಜಾಗ ಉಳಿದಿರಲಿ.

ತಂತಿ ಹಾಕಿ ಒಂದೆರಡು ದಿನ ಬಿಟ್ಟು ಟ್ರಸ್ ರಾಡ್ ಮುಟ್ಟು. ದಪ್ಪ ತಂತಿಯನ್ನು ಮೊದಲ ಮತ್ತು ಕೊನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿದಾಗ ನಡುವಿನ ಫ್ರೆಟ್‌ಗೂ ತಂತಿಗೂ 0.2 ಮಿ.ಮೀ. ಸಂದು ಇರಬೇಕು. ಸಂದು ಅಳೆಯುವ ಫೀಲರ್ ಗೇಜ್ ಬೈಕ್ ಮೆಕ್ಯಾನಿಕ್ ಹತ್ತಿರ ಇರುತ್ತದೆ.

ಒಂದು ಮಾತು ಬಿಟ್ಟಿದ್ದೆ. ಮಳೆಗಾಲದಲ್ಲಿ ಪಾಲಿಶ್ ಹೊಡೆಯಬೇಡ. ಲ್ಯಾಕರ್ ತೇವ ಎಳೆದುಕೊಂಡು ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಮರಗೆಲಸ ಮುಗಿಸಿ ಇಟ್ಟುಕೊಂಡು ದೀಪಾವಳಿ ಆದಮೇಲೆ ಹೊಡಿ. ಬೀಟೆಗೆ ಲ್ಯಾಕರ್ ಬೇಡ, ಒಂದು ಕೈ ಎಣ್ಣೆ ಸಾಕು. ಹಲಸಿಗೆ ಬಣ್ಣ ಹಾಕುವ ಯೋಚನೆ ಇದ್ದರೆ ಬಿಡು. ಮರದ ಹಳದಿ ಬಣ್ಣ ಬೆಳಕಿಗೆ ತಾನೇ ಕಂದಾಗುತ್ತಾ ಹೋಗುತ್ತದೆ.